ಚಿಕ್ಕ ಸೆಂಟ್ ಬಾಟಲಿಗೂ ಪದಾರ್ಥಗಳ ಪಟ್ಟಿ ಬೇಕು

ಮಾನ್ಯರೇ,

‘ಲಿಲಿಯಾಲ್’ ಎಂಬ ಸುಗಂಧ ರಾಸಾಯನಿಕ ಇರುವ ಸೋಪು, ಶಾಂಪೂ, ಕ್ರೀಮು, ಸೆಂಟ್ ಯಾವುದನ್ನೂ ಯುರೋಪಿಯನ್ ಒಕ್ಕೂಟದಲ್ಲಿ 2022ರ ಮಾರ್ಚ್ 1ರಿಂದ ಮಾರುವಂತಿಲ್ಲ. ಉಳಿದ ದಾಸ್ತಾನು ಮಾರಿ ಮುಗಿಸಲು ವಾಯಿದೆಯನ್ನೂ ಅಲ್ಲಿ ಕೊಡಲಿಲ್ಲ. ಬ್ರಿಟನ್ ಅದೇ ವರ್ಷ ಅಕ್ಟೋಬರ್ 15ರಿಂದ ಹೊಸ ಸರಕನ್ನು ತಡೆದು, ಡಿಸೆಂಬರ್ 15ರ ಹೊತ್ತಿಗೆ ಅಂಗಡಿಗಳಿಂದಲೂ ತೆಗೆಸಿತು. ಈ ಸುದ್ದಿ ಓದಿದವರು ಮನೆಯ ಶಾಂಪೂ ಬಾಟಲಿಯನ್ನು ತಿರುಗಿಸಿ ನೋಡಿರಬಹುದು. ಅದಕ್ಕಿಂತ ಮೊದಲು ನೋಡಬೇಕಾದದ್ದು 10 ಮಿ.ಲೀ. ಸೆಂಟ್ ಬಾಟಲಿ. ಆದರೆ ಅದರ ಮೇಲೆ ಓದುವುದಕ್ಕೆ ಏನೂ ಇರುವುದಿಲ್ಲ.

ಲಿಲಿ ಆಫ್ ದಿ ವ್ಯಾಲಿ ಎಂಬ ಯುರೋಪಿನ ಬಿಳಿ ಹೂವಿನ ಪರಿಮಳ ಲಿಲಿಯಾಲ್‌ನದು. ಮಲ್ಲಿಗೆ, ಸುಗಂಧರಾಜದಿಂದ ಸಾರ ತೆಗೆದ ಹಾಗೆ ಆ ಹೂವಿನಿಂದ ತೆಗೆಯಲು ಬರುವುದಿಲ್ಲ. ಹಾಗಾಗಿ ಅದರ ವಾಸನೆಯನ್ನು ಪ್ರಯೋಗಾಲಯದಲ್ಲೇ ಕಟ್ಟಬೇಕು. ಬೆಲೆ ಕಡಿಮೆ, ಹಲವು ಸುಗಂಧ ವಸ್ತು ಬೆರೆಸಿದ ಮಲ್ಲಿಗೆ–ಗುಲಾಬಿ ಕಾಂಪೌಂಡ್‌ಗಳಲ್ಲೂ ಚೆನ್ನಾಗಿ ಬೆರೆಯುತ್ತದೆ. ಹೀಗಾಗಿ ಸೋಪಿನಿಂದ ಬಟ್ಟೆ ತೊಳೆಯುವ ಪುಡಿಯವರೆಗೆ ಎಲ್ಲ ಕಡೆ ಸೇರಿಕೊಂಡಿತು.

ತುರಿಕೆ ಅದರ ಹಳೆಯ ದೂರು. ಹಚ್ಚಿ ಬಿಡುವ ವಸ್ತುವಿನಲ್ಲಿ 0.001%, ತೊಳೆದು ಹಾಕುವುದರಲ್ಲಿ 0.01% ಮೀರಿದರೆ ಲೇಬಲ್ಲಿನಲ್ಲಿ ಹೆಸರಿಸಲೇಬೇಕು ಎಂಬ ನಿಯಮ ಯುರೋಪಿನಲ್ಲಿ ನಿಷೇಧಕ್ಕೆ ಮುಂಚೆಯೇ ಇತ್ತು. ನಿಷೇಧಕ್ಕೆ ಕಾರಣವಾದದ್ದು ಬೇರೆ. ದೇಹದೊಳಗೆ ಲಿಲಿಯಾಲ್ ಒಡೆದು ಟರ್ಷರಿ ಬ್ಯುಟೈಲ್ ಬೆಂಜೊಯಿಕ್ ಆಮ್ಲವಾಗುತ್ತದೆ. ಗಂಡು ಇಲಿಗಳಲ್ಲಿ ಇದು ವೃಷಣಕ್ಕೂ ವೀರ್ಯಾಣುವಿಗೂ ಹಾನಿ ಮಾಡಿತು. ಇಲಿಯ ಯಕೃತ್ತಿನ ಜೀವಕೋಶದಲ್ಲಿ ಆಗುವ ಕ್ರಿಯೆ ಮನುಷ್ಯನಲ್ಲಿ ಹಾಗೆಯೇ ಆಗದು ಎಂಬುದು ಉದ್ಯಮದ ವಾದ. ಅದನ್ನು ತಳ್ಳಿಹಾಕುವ ಹಾಗಿಲ್ಲವಾದರೂ, ಸಂತಾನಶಕ್ತಿಗೆ ಹಾನಿಕರ ಎಂಬ ‘1ಬಿ’ ವರ್ಗಕ್ಕೆ ಸೇರುವುದನ್ನು ಅದು ತಪ್ಪಿಸಲಿಲ್ಲ. ಮೊಣಕೈ ಮಡಿಕೆಗೆ ಒಂದು ಹನಿ ಹಚ್ಚಿ ‘ತುರಿಕೆ ಬರಲಿಲ್ಲ, ಪರವಾಗಿಲ್ಲ’ ಎನ್ನುವುದು ಇಲ್ಲಿ ಉಪಯೋಗಕ್ಕೆ ಬಾರದು. ಆ ಪರೀಕ್ಷೆ ಅಲರ್ಜಿಯನ್ನು ಹೇಳೀತು, ಇದನ್ನು ಹೇಳದು.

ಆ ವರ್ಗಕ್ಕೆ ಸೇರಿದ ವಸ್ತುವನ್ನು ಸೌಂದರ್ಯವರ್ಧಕದಲ್ಲಿ ಉಳಿಸಿಕೊಳ್ಳಬೇಕಾದರೆ, ಎಲ್ಲ ಮೂಲಗಳಿಂದ ಮೈಗೆ ಸೇರುವುದನ್ನು ಕೂಡಿಸಿದರೂ ಅಪಾಯವಿಲ್ಲ ಎಂದು ಯುರೋಪಿನ ಗ್ರಾಹಕ ಸುರಕ್ಷತೆಯ ವೈಜ್ಞಾನಿಕ ಸಮಿತಿ ಹೇಳಬೇಕು. ಸಮಿತಿ 2019ರಲ್ಲಿ ಬಾಡಿ ಲೋಷನ್ನಿಗೆ 0.06%, ಆಲ್ಕೋಹಾಲ್ ಸೆಂಟಿಗೆ 1.42% ಎಂದು ಒಂದೊಂದನ್ನೂ ಪರಿಶೀಲಿಸಿತು. ಬಿಡಿಬಿಡಿಯಾಗಿ ನೋಡಿದರೆ ಆತಂಕವಿರಲಿಲ್ಲ. ಸೋಪು, ಶಾಂಪೂ, ಲೋಷನ್, ಡಿಯೋಡರೆಂಟ್, ಸೆಂಟ್ ಎಲ್ಲ ಕೂಡಿಸಿದಾಗ ಸುರಕ್ಷಿತ ಎನ್ನಲಾಗಲಿಲ್ಲ. ಬಟ್ಟೆ ತೊಳೆಯುವ ಪುಡಿಯನ್ನು ಆ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಅದೇ ಲೆಕ್ಕವನ್ನು ನಮ್ಮ ಅತ್ತರ್ ಬಾಟಲಿಗೆ ಹಾಕಿ ನೋಡಿ. ಮೈಗೆಲ್ಲ ಲೋಷನ್ ಹಚ್ಚುವವರು ದಿನಕ್ಕೆ ಸುಮಾರು 7.8 ಗ್ರಾಂ ಬಳಸುತ್ತಾರೆ ಎಂದು ಸಮಿತಿ ಹಿಡಿಯುತ್ತದೆ, 0.06% ಎಂದರೆ ಚರ್ಮದ ಮೇಲೆ 4.7 ಮಿಲಿಗ್ರಾಂ ಲಿಲಿಯಾಲ್. ಅಂಗಡಿಯಲ್ಲಿ ದೊಡ್ಡ ಬಾಟಲಿಯಿಂದ 3, 6, 12 ಮಿ.ಲೀ. ರೋಲ್-ಆನ್‌ಗೆ ಸುರಿದು ಕೊಡುವ ‘ಮಲ್ಲಿಗೆ’ ಅತ್ತರ್ ಎಷ್ಟೋ ವೇಳೆ ತೆಳು ಮಾಡದ ಕಾಂಪೌಂಡೇ ಆಗಿರುತ್ತದೆ. ಅದರಲ್ಲಿ ಲಿಲಿಯಾಲ್ 10% ಇದೆ ಎಂದುಕೊಂಡರೆ, ಕತ್ತು, ಮಣಿಕಟ್ಟಿಗೆ 0.1 ಗ್ರಾಂ ಸವರಿದರೂ 10 ಮಿಲಿಗ್ರಾಂ. ಮೈಗೆಲ್ಲ ಲೋಷನ್ ಹಚ್ಚಿದ್ದರ ಎರಡರಷ್ಟು!

ಇಷ್ಟಾದರೂ ಪದಾರ್ಥಗಳ ಪಟ್ಟಿ ಹಾಕುವ ಕಡ್ಡಾಯದಿಂದ ತಪ್ಪಿಸಿಕೊಂಡಿರುವುದು ಈ ಬಾಟಲಿಯೇ. ನಮ್ಮ ಸೌಂದರ್ಯವರ್ಧಕ ನಿಯಮಗಳು, 2020ರ ಪ್ರಕಾರ 60 ಮಿ.ಲೀ.ಗಿಂತ ಕಡಿಮೆಯ ದ್ರವ, 30 ಗ್ರಾಂಗಿಂತ ಕಡಿಮೆಯ ಕ್ರೀಮು–ಪುಡಿಗಳ ಪೊಟ್ಟಣಕ್ಕೆ ಪಟ್ಟಿ ಬೇಕಿಲ್ಲ. 30 ಮಿ.ಲೀ., 50 ಮಿ.ಲೀ. ಸೆಂಟುಗಳೂ ಇದರಲ್ಲೇ ಬಂದುಬಿಡುತ್ತವೆ. ಚಿಕ್ಕ ಬಾಟಲಿಯಲ್ಲಿ ಜಾಗವಿಲ್ಲ ಎಂಬ ಸಬೂಬು ಸಾಲದು; ಪೆಟ್ಟಿಗೆಯ ಮೇಲೋ, ಒಳಗಿಡುವ ಚೀಟಿಯಲ್ಲೋ ಅಚ್ಚು ಮಾಡಬಹುದು.

ಸಣ್ಣ ತಯಾರಕರಿಗೆ ಎರಡು ಮಾತು. ಕಾಂಪೌಂಡ್ ಕೊಳ್ಳುವಾಗ ಸುರಕ್ಷತಾ ಮಾಹಿತಿ ಪತ್ರದ ಜೊತೆಗೆ ಇಫ್ರಾ (ಅಂತರರಾಷ್ಟ್ರೀಯ ಸುಗಂಧ ಉದ್ಯಮ ಸಂಘ) ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಅದರಲ್ಲಿ ವರ್ಗವಾರು ಮಿತಿ ಇರುತ್ತದೆ: ಸೆಂಟ್ 4ನೇ ವರ್ಗ, ಬಾಡಿ ಲೋಷನ್ 5ಎ, ಸೋಪು–ಶಾಂಪೂ 9, ಮೇಣದಬತ್ತಿಯಂಥವು 12. ಮೇಣದಬತ್ತಿಗೆಂದು ತಂದ ಕಾಂಪೌಂಡನ್ನು ಲೋಷನ್ನಿಗೆ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಕಾಗದಗಳಲ್ಲಿ 80-54-6 ಎಂಬ ಸಿಎಎಸ್ ಸಂಖ್ಯೆ (ರಾಸಾಯನಿಕದ ಗುರುತಿನ ಸಂಖ್ಯೆ) ಹುಡುಕಿ. ಲೈಸ್ಮೆರಾಲ್ ಎಂಬ ಹೆಸರಿದ್ದರೂ ವಸ್ತು ಇದೇ. ‘ಲಿಲಿಯಾಲ್ ತೆಗೆದಿದ್ದೇವೆ’ ಎಂದು ಹೇಳಿದರೂ ವೆರ್ಡಾಂಟಿಯಾಲ್ ಇದೆಯೇ ಎಂದು ಕೇಳಿ. ಲಿಲಿಯಾಲ್ ಮತ್ತು ಮೀಥೈಲ್ ಆಂಥ್ರನಿಲೇಟ್ ಕೂಡಿ ಆಗುವ ಹಳದಿ ಸಂಯುಕ್ತ (ಶಿಫ್ ಬೇಸ್) ಅದು. ನೀರಿರುವ ಉತ್ಪನ್ನದಲ್ಲಿ ಒಡೆದು ಲಿಲಿಯಾಲನ್ನೇ ಮತ್ತೆ ಬಿಡುತ್ತದೆ. ಅರ್ಧ ಖಾಲಿಯಾದ ಹಳೆಯ ಡ್ರಮ್ಮಿನ ಬಾಯಲ್ಲಿ ಬಿಳಿ ಹರಳು ಕಟ್ಟಿದ್ದರೆ ಗಾಳಿ ತಾಗಿ ಆಮ್ಲವಾಗಿದೆ ಎಂದರ್ಥ. ಸಮಿತಿ ಪರಿಶೀಲಿಸಿದ್ದು ಸಹ ಆಲ್ಫಾ-ಟೊಕೊಫೆರಾಲ್ (ವಿಟಮಿನ್ ಇ) ಅನ್ನು 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಪಾಲು) ಬೆರೆಸಿ ಕೆಡದಂತೆ ಇಟ್ಟ ಲಿಲಿಯಾಲನ್ನು.

ಇದಕ್ಕೆ ‘ನೈಸರ್ಗಿಕ’ ಎಂಬ ಪದ ಪರಿಹಾರವಲ್ಲ. ನಮ್ಮ ಮಸಾಲೆಯ ಕಲ್ಲುಹೂವಿನಂಥದೇ ಕಲ್ಲುಹೂವಾದ ಓಕ್‌ಮಾಸ್‌ನಲ್ಲಿರುವ ಅಟ್ರನಾಲ್, ಕ್ಲೋರೊಅಟ್ರನಾಲ್‌ಗಳನ್ನೂ ಯುರೋಪು ತೀವ್ರ ಅಲರ್ಜಿಯ ಕಾರಣಕ್ಕೆ ನಿಷೇಧಿಸಿದೆ.

ಓದುಗರು ಲೇಬಲ್ಲಿನ ಕೊನೆಯ ಸಾಲುಗಳಲ್ಲಿ, ಲಿನಲೂಲ್, ಲಿಮೋನೀನ್ ಮೊದಲಾದ ಸುಗಂಧ ವಸ್ತುಗಳ ಹೆಸರು ಬರುವ ಜಾಗದಲ್ಲಿ, ‘ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಲ್’ ಎಂಬ ಜೋಡಿಪದ ಹುಡುಕಬೇಕು. ಅದು ಕಾಣದೆ ಬರೀ ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಎಂದಿದ್ದರೆ ಇಲ್ಲವೆಂದು ತಿಳಿಯಬೇಡಿ. ಒಮ್ಮೆ ಆ ಸೋಪಿನಲ್ಲಿ ಕೈ ತೊಳೆದದ್ದಕ್ಕೆ ಹೆದರುವುದು ಬೇಡ. ಗರ್ಭಿಣಿಯರು, ಮಗುವಿನ ಯೋಚನೆಯಲ್ಲಿರುವ ದಂಪತಿಗಳು ಮೊದಲು ಬಿಡಬೇಕಾದದ್ದು ಹಚ್ಚಿ ಹಾಗೆಯೇ ಬಿಡುವಂಥವನ್ನು: ಸೆಂಟ್, ಡಿಯೋಡರೆಂಟ್, ಲೋಷನ್.

ಯುರೋಪಿನ ಪಟ್ಟಿಗೆ ಹೆಸರು ಸೇರಿದ ಮಾತ್ರಕ್ಕೆ ನಮ್ಮ ಪಟ್ಟಿಗೆ ತಾನಾಗಿ ಸೇರುವುದಿಲ್ಲ. ಸೌಂದರ್ಯವರ್ಧಕದಲ್ಲಿ ಬಳಸಬಾರದ ವಸ್ತುಗಳನ್ನು ಹೇಳುವ ಐಎಸ್ 4707 ಎಂಬ ಭಾರತೀಯ ಮಾನಕದ 2ನೇ ಭಾಗಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರತಿ ಬಾರಿಯೂ ತಿದ್ದುಪಡಿ ತರಬೇಕು. ಅಲ್ಲಿ ನಿಷೇಧವಾದ ಆರು ತಿಂಗಳೊಳಗೆ ಇಲ್ಲಿ ಪರಿಶೀಲನೆ ಮುಗಿಯಬೇಕೆಂಬ ಗಡುವು ಇರಲಿ. 60 ಮಿ.ಲೀ. ವಿನಾಯಿತಿಯನ್ನು ಸೆಂಟು, ಅತ್ತರಿನ ಮಟ್ಟಿಗಾದರೂ ಕೇಂದ್ರ ತೆಗೆದುಹಾಕಲಿ. ತಯಾರಿಕೆಗೆ ಪರವಾನಗಿ ಕೊಡುವುದು ರಾಜ್ಯದ ಪ್ರಾಧಿಕಾರವೇ ಆದ್ದರಿಂದ ನಮ್ಮ ಔಷಧ ನಿಯಂತ್ರಣಾಧಿಕಾರಿಗಳು ಯಾರಿಗೂ ಕಾಯಬೇಕಿಲ್ಲ. ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಇಲ್ಲದ ಸುರಿದು ಮಾರುವ ಬಾಟಲಿಗಳಿಂದ ಮಾದರಿ ತೆಗೆದು ಪದಾರ್ಥಗಳನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮಟೊಗ್ರಫಿ ಪರೀಕ್ಷೆಗೆ ಕಳಿಸುವ ಕೆಲಸವನ್ನು ದಸರಾ, ದೀಪಾವಳಿಯ ವ್ಯಾಪಾರ ಏರುವ ಮುಂಚೆಯೇ ಶುರು ಮಾಡಲಿ.

– ಸುಗಂಧ ರಸಾಯನ ಕ್ಷೇತ್ರದ ಓದುಗರು, ಮೈಸೂರು