ಪಂಪಿನ ಪೆಟ್ಟಿಗೆಗೂ ಒಂದು ಸಿಮ್ ಪ್ಲಾನ್ ಬೇಕು

ಮಾನ್ಯ ಸಂಪಾದಕರೇ,

ಕೂತಲ್ಲೇ ಮೊಬೈಲ್ ಒತ್ತಿ ತೋಟಕ್ಕೆ ನೀರು ಬಿಡುವ ರೈತರ ಬಗ್ಗೆ ಕೃಷಿ ಪುಟಗಳಲ್ಲಿ ಆಗಾಗ ಬರಹ ಬರುತ್ತದೆ. ಓದಿದರೆ ಖುಷಿಯಾಗುತ್ತದೆ. ಫೋಟೋದಲ್ಲಿ ನಗುತ್ತಾ ನಿಂತವರ ಹಿಂದೆ ಎಲ್ಲೋ ಮೊಬೈಲ್ ಟವರಿನ ಜೊತೆ ಮಾತಾಡುವ ಒಂದು ಮೋಡೆಮ್ ಇರುತ್ತದಲ್ಲ, ಅದರ ಪಾಡು ಮಾತ್ರ ಯಾರೂ ಬರೆಯುವುದಿಲ್ಲ. ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಮೊದಲು ಪೇಟೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದೆ. ಈಗ ಅಂಗಡಿ ಮುಚ್ಚಿ ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಆ ಮೋಡೆಮ್ ಜೊತೆ ಒಂದು ವರ್ಷ ಗುದ್ದಾಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಪಂಪು ಇರುವುದು ಮನೆಯಿಂದ ಒಂದೂವರೆ ಕಿಲೋಮೀಟರ್ ಕೆಳಗೆ, ಹಳ್ಳದ ದಂಡೆಯಲ್ಲಿ. ಬೇಸಿಗೆಯಲ್ಲಿ ತ್ರೀ ಫೇಸ್ ಬರುವುದು ಹೆಚ್ಚಾಗಿ ರಾತ್ರಿ. ಎದ್ದು ಬ್ಯಾಟರಿ ಹಿಡಿದು ಹೋಗಬೇಕು. ದಾರಿಯಲ್ಲಿ ಕಾಡುಕೋಣ ನಿಂತಿದ್ದರೆ ಅದು ಹೋಗುವವರೆಗೆ ನಾವು ನಿಲ್ಲಬೇಕು. ಮಿಸ್ಡ್ ಕಾಲ್ ಕೊಟ್ಟರೆ ಪಂಪು ಚಾಲೂ ಆಗುವ ಮೊಬೈಲ್ ಸ್ಟಾರ್ಟರ್ ಬೇಕಾದಷ್ಟು ಜನರ ಹತ್ತಿರ ಇದೆ. ನಾನೂ ತಂದೆ. ನಮ್ಮ ಹಳ್ಳದಲ್ಲಿ ಅದು ಸತ್ತ ಹಾಗೆ ಬಿದ್ದಿತ್ತು. ಸಿಮ್ ಕೆಟ್ಟಿದೆ ಎಂದು ಎರಡು ಸಲ ಬದಲಾಯಿಸಿದೆ. ಆಮೇಲೆ ಗೊತ್ತಾಯಿತು, ಆ ಸ್ಟಾರ್ಟರ್ ಒಳಗಿರುವುದು 2ಜಿ ಮೋಡೆಮ್. ನಮ್ಮ ಹಳ್ಳಕ್ಕೆ ಮುಟ್ಟುವ ಒಂದೇ ಒಂದು ಟವರ್ ಬರೀ 4ಜಿಯದ್ದು. ಕನ್ನಡದವನೂ ಜಪಾನಿನವನೂ ಎದುರುಬದುರು ಕೂತ ಹಾಗೆ. ಇಬ್ಬರದ್ದೂ ತಪ್ಪಿಲ್ಲ, ಮಾತು ಮಾತ್ರ ಆಗುವುದಿಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಆಗ ಒಂದು ರಾಸ್ಪ್‌ಬೆರಿ ಪೈ ತಂದುಕೊಟ್ಟ. ಅಂಗೈಯಷ್ಟಗಲದ ಕಂಪ್ಯೂಟರ್ ಅದು, ಒಳಗೆ ವಿಂಡೋಸ್ ಬದಲು ಲಿನಕ್ಸ್ ಓಡುತ್ತದೆ. "ಮಾವ, ಇದಕ್ಕೊಂದು 4ಜಿ ಮೋಡೆಮ್ ಸಿಕ್ಕಿಸಿ. ಪಂಪೂ ಆಯ್ತು, ಮಳೆ ಲೆಕ್ಕವೂ ಆಯ್ತು" ಎಂದ. ಸಿಕ್ಕಿಸುವುದು ಅಂದರೆ ಪ್ಲಗ್ ಸಿಕ್ಕಿಸಿದ ಹಾಗೆ ಅಂದುಕೊಂಡಿದ್ದೆ.

ಮೊದಲು ಹಾಕಿದ್ದು ಯುಎಸ್‌ಬಿಗೆ ಸಿಕ್ಕಿಸುವ ಹಳೇ ಇಂಟರ್ನೆಟ್ ಡಾಂಗಲ್. ಸಿಕ್ಕಿಸಿ ನೋಡಿದರೆ ಅದು ತಾನು ಮೋಡೆಮ್ ಅಲ್ಲ, ಸಿಡಿ ಡ್ರೈವ್ ಎಂದು ಲಿನಕ್ಸ್‌ಗೆ ಹೇಳುತ್ತಿತ್ತು! ವಿಂಡೋಸ್‌ನವರಿಗೆ ಬೇಕಾದ ಡ್ರೈವರ್ ಪ್ರೋಗ್ರಾಮನ್ನು ಅದರ ಹೊಟ್ಟೆಯಲ್ಲೇ ತುಂಬಿ ಕೊಟ್ಟಿರುತ್ತಾರೆ, ಅದಕ್ಕೇ ಈ ವೇಷ. ಯುಎಸ್‌ಬಿ ಮೋಡ್‌ಸ್ವಿಚ್ ಎನ್ನುವ ಪ್ರೋಗ್ರಾಮ್ ಹಾಕಿದರೆ ವೇಷ ಕಳಚಿ ಮೋಡೆಮ್ ಆಗುತ್ತದೆ. ಆಯಿತು. ಆದರೆ ಅದಕ್ಕೆ ಹೊರಗಿನ ಆಂಟೆನಾ ಹಾಕುವ ಜಾಗವೇ ಇರಲಿಲ್ಲ. ನಮ್ಮ ಹಳ್ಳದಲ್ಲಿ ಅದರಿಂದ ಉಪಯೋಗವಿಲ್ಲ.

ಸರಿ ಎಂದು ಆಂಟೆನಾ ಸಾಕೆಟ್ ಇರುವ ಮೋಡೆಮ್ ಬೋರ್ಡ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಸಣ್ಣ ದುಡ್ಡಲ್ಲ. ಲಿನಕ್ಸ್‌ನಲ್ಲಿ ಮೋಡೆಮ್ ಮ್ಯಾನೇಜರ್ ಅಂತ ಒಂದಿದೆ. ಮೋಡೆಮ್ ಏನು ಮಾಡುತ್ತಿದೆ ಎಂದು ಅದನ್ನು ಕೇಳಬಹುದು. ಕೇಳಿದೆ. "ಸರ್ಚಿಂಗ್" ಅಂದಿತು. ಊಟ ಮಾಡಿ ಬಂದು ಕೇಳಿದೆ. ಸರ್ಚಿಂಗ್. ನಾಲ್ಕು ದಿನ ಅದೇ ಮಾತು. ಸಿಮ್ ನನ್ನ ಫೋನಿಗೆ ಹಾಕಿದರೆ ಅದೇ ಜಾಗದಲ್ಲಿ ಎರಡು ಕಡ್ಡಿ ತೋರಿಸುತ್ತಿತ್ತು. ಕೊನೆಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ ತಂದು ಮೋಡೆಮ್ ತಗಡಿನ ಮೇಲಿನ ಅಕ್ಷರ ಓದಿದೆ. ಮಾದರಿಯ ಹೆಸರಿನ ಕೊನೆಯಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ ಬೇರೆ. ಅದು ಅಮೆರಿಕಕ್ಕೆಂದು ಮಾಡಿದ ಮೋಡೆಮ್. ಅದು ಕೇಳಿಸಿಕೊಳ್ಳುವ 4ಜಿ ಬ್ಯಾಂಡು, ಅಂದರೆ ನಂಬರ್ ಹಾಕಿದ ತರಂಗಗಳ ಪಟ್ಟಿ, 2, 4 ಮತ್ತು 12. ನಮ್ಮಲ್ಲಿ ಆ ಬ್ಯಾಂಡಿನಲ್ಲಿ 4ಜಿ ಬಿಡುವವರೇ ಇಲ್ಲ. ಮೀಡಿಯಂ ವೇವ್ ಪಟ್ಟಿಯೇ ಇಲ್ಲದ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಹುಡುಕಿದ ಹಾಗಾಯಿತು. ಇಡೀ ಆಯುಷ್ಯ ಟ್ಯೂನಿಂಗ್ ಮಾಡಿಕೊಂಡು ಬಂದವನಿಗೇ ಈ ಗತಿ. ಮಾರಿದವರು ವಾಪಸ್ ತಗೊಳ್ಳಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ. ನಮ್ಮ ದೇಶದಲ್ಲಿ ಜಿಯೋ 4ಜಿ ಬರುವುದು 3, 5 ಮತ್ತು 40ನೇ ಬ್ಯಾಂಡಿನಲ್ಲಿ. ಬಿಎಸ್‌ಎನ್‌ಎಲ್ ಹೊಸ 4ಜಿ 1 ಮತ್ತು 28ರಲ್ಲಿ. ಈ 28 ಅಂದರೆ 700 ಮೆಗಾಹರ್ಟ್ಸ್. ತರಂಗ ಉದ್ದ ಇರುವುದರಿಂದ ಕಾಡು, ಗುಡ್ಡ ದಾಟಿ ದೂರ ಬರುತ್ತದೆ. ಟವರೇ ಇಲ್ಲದ ಹಳ್ಳಿಗಳಿಗೆ 4ಜಿ ಕೊಡುತ್ತೇವೆ ಎಂದು ಕೇಂದ್ರ ಸರ್ಕಾರ 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿ, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ಕೊಟ್ಟಿತು. ಮಲೆನಾಡಿಗೆ ಹೇಳಿ ಮಾಡಿಸಿದ ಬ್ಯಾಂಡು ಅದು. ಆದರೆ ಯುರೋಪಿಗೆಂದು ಮಾಡಿದ ಎಷ್ಟೋ ಮೋಡೆಮ್‌ಗಳಲ್ಲಿ 28 ಇರುವುದೇ ಇಲ್ಲ, ಅವೇ ಇಲ್ಲಿ ಮಾರಾಟಕ್ಕೂ ಬರುತ್ತವೆ. ತಗೊಳ್ಳುವ ಮೊದಲು ಈ ನಂಬರ್ ಕೇಳಿ. "ಆಲ್ ಇಂಡಿಯಾ ವರ್ಕಿಂಗ್ ಸಾರ್" ಎನ್ನುವ ಉತ್ತರ ನಂಬಬೇಡಿ.

ಎರಡನೇ ಸಲ ಸರಿಯಾದದ್ದೇ ಬಂತು. ಈಗ ಬೇರೆ ತಕರಾರು. ಮೋಡೆಮ್ ಟವರಿಗೆ ಸೇರುವ ಹೊತ್ತಿಗೆ ಸರಿಯಾಗಿ ಇಡೀ ಬೋರ್ಡು ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಅಕ್ಕನ ಮಗ ಫೋನಿನಲ್ಲೇ ಸಾಫ್ಟ್‌ವೇರ್ ಬದಲಾಯಿಸಿ ಎಂದು ಮೂರು ದಿನ ಕುಣಿಸಿದ. ನನಗೆ ತಡೆಯಲಿಲ್ಲ. ಅಟ್ಟದಿಂದ ನನ್ನ ಹಳೇ ಮುಳ್ಳಿನ ಮೀಟರ್ ಇಳಿಸಿ 5 ವೋಲ್ಟ್ ಲೈನಿಗೆ ಹಚ್ಚಿ ಕೂತೆ. ಮೋಡೆಮ್ ಟವರನ್ನು ಕರೆದಾಗಲೆಲ್ಲ ಮುಳ್ಳು ಬೆಚ್ಚಿಬಿದ್ದ ಹಾಗೆ ಕೆಳಗೆ ಹಾರುತ್ತಿತ್ತು. ಡಿಜಿಟಲ್ ಮೀಟರ್ ಆಗಿದ್ದರೆ ಸರಾಸರಿ ತೋರಿಸಿ ಸುಮ್ನೆ ಕೂರುತ್ತಿತ್ತು. ಈ ಪೈ ಬೋರ್ಡು 4.63 ವೋಲ್ಟಿಗಿಂತ ಕೆಳಗೆ ಹೋದರೆ ವೋಲ್ಟೇಜ್ ಕಡಿಮೆ ಎಂದು ದೂರು ಬರೆದಿಡುತ್ತದೆ. ಲಾಗ್ ತೆಗೆದು ನೋಡಿದರೆ ಅದೇ ಸಾಲು, ಪುಟಗಟ್ಟಲೆ. ಟವರ್ ದೂರ ಇದ್ದಷ್ಟೂ ಮೋಡೆಮ್ ಜೋರಾಗಿ ಕೂಗಬೇಕು. ಜೋರಾಗಿ ಕೂಗಿದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ. ಮೊಬೈಲ್ ಚಾರ್ಜರಿನ ಕೂದಲೆಳೆ ವೈರಿನಲ್ಲಿ ಅದು ಎಲ್ಲಿಂದ ಬರಬೇಕು? ದಪ್ಪ ವೈರ್ ಹಾಕಿದೆ, ಮೋಡೆಮ್‌ಗೆ ಬೇರೆ ಸಪ್ಲೈ ಕೊಟ್ಟೆ, ಅದರ ಬಾಯಿಯಲ್ಲೇ ಒಂದು 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಸುಗೆ ಹಾಕಿದೆ. ಅವತ್ತಿಂದ ಇವತ್ತಿನವರೆಗೆ ಒಂದು ಸಲವೂ ಆ ಕಾರಣಕ್ಕೆ ಬಿದ್ದಿಲ್ಲ. "ಅಂಗಡಿ ಮುಚ್ಚಿದ್ದು ತಪ್ಪಾಯ್ತೇನೋ" ಎಂದು ನಮ್ಮನೆಯವಳು ನಕ್ಕಳು.

ಆಂಟೆನಾ ವಿಷಯ ಅಂತೂ ನನಗೆ ಹಬ್ಬ. ರಾಮಾಯಣ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ನಮ್ಮ ಊರುಗಳಲ್ಲಿ ಟಿ.ವಿ. ಆಂಟೆನಾ ಕಟ್ಟುತ್ತಿದ್ದುದು ಒಣಗಿದ ಅಡಿಕೆ ಮರದ ತುದಿಗೆ. ಒಬ್ಬ ಮೇಲೆ ತಿರುಗಿಸಬೇಕು, ಇನ್ನೊಬ್ಬ ಕಿಟಕಿಯಿಂದ "ಬಂತು, ಬಂತು, ಹೋಯ್ತು" ಎಂದು ಕೂಗಬೇಕು. ಈಗಲೂ ಅದನ್ನೇ ಮಾಡಿದೆ. ಕಿಟಕಿಯ ಬದಲು ಮೋಡೆಮ್‌ನ ಸಿಗ್ನಲ್ ನಂಬರ್. ಸೊನ್ನೆಯಿಂದ 31ರವರೆಗೆ ಒಂದು ಅಳತೆ ಕೊಡುತ್ತದೆ, ಹೆಚ್ಚಿದ್ದಷ್ಟೂ ಒಳ್ಳೆಯದು. 99 ಅಂದರೆ ಗೊತ್ತಿಲ್ಲ ಎಂದರ್ಥ. ಪಂಪ್ ಮನೆಯ ಒಳಗೆ 5 ಇತ್ತು, ಅಂದರೆ ಸಿಗ್ನಲ್ ಬಲದ ಲೆಕ್ಕದಲ್ಲಿ ಮೈನಸ್ 103 ಡಿಬಿಎಂ. ಅಡಿಕೆ ಮರದ ತುದಿಗೆ ಏರಿಸಿದರೂ 5ರ ಮೇಲೆ ಏಳಲಿಲ್ಲ. ಮತ್ತೆ ಭೂತಗನ್ನಡಿ. ಬೋರ್ಡಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಮೂರು ಸಾಕೆಟ್. ಒಂದು ಮುಖ್ಯ ಆಂಟೆನಾಗೆ, ಒಂದು ಜೊತೆ ಆಂಟೆನಾಗೆ, ಇನ್ನೊಂದು ಜಿಪಿಎಸ್‌ಗೆ. ನಾನು ಅಷ್ಟು ಹೊತ್ತೂ ಜಿಪಿಎಸ್ ಸಾಕೆಟ್ಟಿಗೆ ಹಾಕಿಕೊಂಡು ಗುಡ್ಡಕ್ಕೆ ಬೈಯುತ್ತಿದ್ದೆ. ಸರಿ ಮಾಡಿದ ಮೇಲೆ 14 ಬಂತು, ಮೈನಸ್ 85. ವೈರು ಉದ್ದ ಮಾಡಬೇಡಿ, ಮೇಲೆ ಗಳಿಸಿದ್ದನ್ನೆಲ್ಲ ಕೆಳಗೆ ಬರುವಷ್ಟರಲ್ಲಿ ವೈರೇ ತಿಂದುಹಾಕುತ್ತದೆ. ನಾನು ಮೋಡೆಮ್ ಪೆಟ್ಟಿಗೆಯನ್ನೇ ಮರದ ಬುಡಕ್ಕೆ ತಂದೆ.

ಎಪಿಎನ್, ಅಂದರೆ ಸಿಮ್ ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು, ಹಾಕುವುದು ಸುಲಭ. ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಫೋನು ಅದನ್ನು ತಾನೇ ತುಂಬಿಕೊಳ್ಳುತ್ತದೆ, ಇಲ್ಲಿ ನಾವು ಬರೆಯಬೇಕು ಅಷ್ಟೆ.

ಇಂಟರ್ನೆಟ್ ಬಂದ ಮೇಲೂ ಮನೆಯಿಂದ ಪೆಟ್ಟಿಗೆಯನ್ನು ನೇರವಾಗಿ ಹಿಡಿಯಲು ಆಗುವುದಿಲ್ಲ. ಹಿಂದೆ ವಿಳಾಸದ ಕೆಳಗೆ "ಪಿ.ಪಿ. ನಂಬರ್" ಎಂದು ಪಕ್ಕದ ಮನೆಯ ಫೋನ್ ನಂಬರ್ ಬರೆಯುತ್ತಿದ್ದೆವಲ್ಲ, ಹಾಗೆ ಸಾವಿರಾರು ಸಿಮ್‌ಗಳಿಗೆ ಸೇರಿ ಕಂಪನಿ ಒಂದೇ ವಿಳಾಸ ಇಟ್ಟಿರುತ್ತದೆ. ಹೊರಗಿನಿಂದ ಕರೆದರೆ ಯಾರನ್ನು ಕರೆಯಬೇಕೆಂದು ಅದಕ್ಕೆ ತಿಳಿಯದು. ಒಳಗಿನವರೇ ಹೊರಗೆ ಕರೆ ಮಾಡಬೇಕು. ಹಾಗಾಗಿ ನಮ್ಮ ಪೆಟ್ಟಿಗೆಯೇ ಒಂದು ಸರ್ವರ್‌ಗೆ ಹೋಗಿ ನನಗೇನಾದರೂ ಹೇಳುವುದಿದೆಯಾ ಎಂದು ಕೇಳುತ್ತಾ ಕೂರುತ್ತದೆ. ಎಂಕ್ಯೂಟಿಟಿ ಅಂತಾರೆ ಈ ಪದ್ಧತಿಗೆ. ನಾನು ಫೋನಿನಿಂದ "ಆನ್" ಎಂದು ಅಲ್ಲಿ ಬರೆದಿಟ್ಟರೆ ಎರಡು ಸೆಕೆಂಡಿನಲ್ಲಿ ಹಳ್ಳದಲ್ಲಿ ಪಂಪಿನ ಸ್ವಿಚ್ಚಿನ ಕೆಲಸ ಮಾಡುವ ರಿಲೇ ಟಕ್ ಅನ್ನುತ್ತದೆ.

ಮಳೆಗಾಲದಲ್ಲಿ ಅದೇ ಪೆಟ್ಟಿಗೆ ಮಳೆ ಅಳೆಯುತ್ತದೆ. ಒಳಗೆ ಏತದ ಹಾಗೆ ಒಂದು ಪುಟ್ಟ ತೊಟ್ಟಿ, 0.2 ಮಿಲಿಮೀಟರ್ ತುಂಬಿದಾಗ ಮಗುಚುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಎಷ್ಟು ದಿನವಾಯಿತು, ಅದರ ಮೇಲೆ ಎಷ್ಟು ಇಂಚು ಬಿತ್ತು ಎಂದು ನೋಡಿಕೊಂಡು ಎರಡನೇ ಸಲದ ಮದ್ದಿಗೆ ಆಳು ಹೇಳಬಹುದು. ಆ ರೋಗ ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಪುನರ್ವಸು ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ, ಪೆಟ್ಟಿಗೆಯ ಸೋಲಾರ್ ಹಲಗೆ ಸುಮ್ನೆ ನೆನೆಯುತ್ತದೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಮೋಡೆಮ್‌ಗೆ ಮೂರು ಗಂಟೆಗೆ ಐದು ನಿಮಿಷ ಮಾತ್ರ ಕರೆಂಟ್. ಟವರ್ ಸಿಗದಿದ್ದರೆ ಲೆಕ್ಕ ಕಾರ್ಡಿನಲ್ಲಿ ಇರುತ್ತದೆ, ಸಿಕ್ಕಾಗ ಒಟ್ಟಿಗೆ ಹೋಗುತ್ತದೆ. ಒಮ್ಮೊಮ್ಮೆ ಮೋಡೆಮ್ ಸುಮ್ಮನೆ ಮಂಕಾಗುತ್ತದೆ, ಕನೆಕ್ಟೆಡ್ ಅನ್ನುತ್ತದೆ, ಏನೂ ಹೋಗುವುದಿಲ್ಲ. ಮೂರು ಸಲ ಉತ್ತರ ಬರದಿದ್ದರೆ ಅದರ ಕರೆಂಟನ್ನೇ ತೆಗೆದು ಹಾಕುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದಿದ್ದೇನೆ. ಬೈದು ಎಬ್ಬಿಸುವುದಕ್ಕಿಂತ ಅದೇ ವಾಸಿ.

ಇಷ್ಟೆಲ್ಲ ನಾನೇ ಬಗೆಹರಿಸಿಕೊಂಡೆ. ಬಗೆಹರಿಯದೆ ಉಳಿದದ್ದು ರೀಚಾರ್ಜ್. ನಮ್ಮ ಪೆಟ್ಟಿಗೆಗೆ ತಿಂಗಳಿಗೆ 10 ಎಂಬಿಯೂ ಬೇಡ. ಒಂದೇ ಒಂದು ದಿನ, ಅಕ್ಕನ ಮಗನ ಮಾತು ಕೇಳಿ ಸಿಸ್ಟಮ್ ಅಪ್‌ಡೇಟ್ ಒತ್ತಿದಾಗ, ದಿನದ ಡೇಟಾ ಪೂರ್ತಿ ಬೆಳಗ್ಗೆಯೇ ಖಾಲಿಯಾಗಿತ್ತು. ಅದು ಬಿಟ್ಟರೆ ಮಗುವಿನ ಊಟ. ಆದರೆ ಕೊಳ್ಳಬೇಕಾದ್ದು ಮನುಷ್ಯರ ಪ್ಯಾಕು: ದಿನಕ್ಕೆ ಜಿಬಿಗಟ್ಟಲೆ ಡೇಟಾ, ಎಷ್ಟು ಬೇಕಾದರೂ ಮಾತು, ದಿನಕ್ಕೆ 100 ಎಸ್ಸೆಮ್ಮೆಸ್, 28 ದಿನಕ್ಕೆ ಮುಗಿಯಿತು. ಯಾರ ಜೊತೆ ಮಾತಾಡಬೇಕು ನಮ್ಮ ಪಂಪು? ಮೋಡೆಮ್‌ನ ಇನ್‌ಬಾಕ್ಸ್ ತೆಗೆದು ನೋಡಿದರೆ ಬರೀ ಕಾಲರ್ ಟ್ಯೂನ್ ಹಾಕಿಸಿಕೊಳ್ಳಿ ಎನ್ನುವ ಮೆಸೇಜು. ಪ್ಯಾಕ್ ಮುಗಿಯುತ್ತದೆ ಎನ್ನುವ ಸೂಚನೆಯೂ ಅಲ್ಲಿಗೇ ಹೋಗುತ್ತದೆ, ಹಳ್ಳದ ದಂಡೆಗೆ. ಏಪ್ರಿಲ್‌ನಲ್ಲಿ ಹಾಗೇ ಒಂದು ಸಲ ಮುಗಿದು, ಎರಡು ರಾತ್ರಿ ನೀರಿಲ್ಲದೆ ಸಸಿ ಬಾಡಿದವು.

ಯಂತ್ರಗಳಿಗೇ ಅಂತ 13 ಅಂಕಿಯ ನಂಬರಿನ ಎಂ2ಎಂ ಸಿಮ್ ಇದೆ. ಕೇಳಿಕೊಂಡು ಎರಡು ಕಡೆ ಹೋದೆ. "ನೂರು ಸಿಮ್ ಬೇಕಾ? ಕಂಪನಿ ಹೆಸರಿದೆಯಾ?" ಎಂದರು. ನಮ್ಮದು ಒಂದು ಪಂಪು ಮಾರಾಯ್ರೇ ಎಂದೆ. ಹಾಗಾದರೆ ಆಗಲ್ಲ ಎಂದರು.

2024ರ ಡಿಸೆಂಬರ್‌ನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು ಎಂದು ಕಂಪನಿಗಳಿಗೆ ಹೇಳಿತು. ಬೇಸಿಕ್ ಫೋನ್ ಇಟ್ಟುಕೊಂಡವರಿಗೆ ಒಳ್ಳೆಯದೇ ಆಯಿತು. ಅದನ್ನೇ ತಿರುಗಿಸಿ ಕೇಳುತ್ತಿದ್ದೇನೆ. ಮಾತು ಬೇಡ, ಎಸ್ಸೆಮ್ಮೆಸ್ ಬೇಡ. ತಿಂಗಳಿಗೆ 50 ಎಂಬಿ ಡೇಟಾ ಸಾಕು. ಪೂರ್ತಿ ವರ್ಷದ ವ್ಯಾಲಿಡಿಟಿ ಇರಲಿ. ಮುಗಿಯುವ ಸೂಚನೆ ಬೇರೆ ನಂಬರಿಗೆ ಬರಲಿ. ಆಧಾರ್ ಮತ್ತು ಪಹಣಿ ತೋರಿಸಿದ ರೈತನಿಗೆ ಒಂದೇ ಒಂದು ಸಿಮ್ ಆದರೂ ಪೇಟೆಯ ಮಾಮೂಲಿ ಅಂಗಡಿಯಲ್ಲೇ ಸಿಗಲಿ. ಪುಕ್ಕಟೆ ಕೇಳುತ್ತಿಲ್ಲ. ರೇಟು ಎಷ್ಟು ಎಂದು ಅವರೇ ಹೇಳಲಿ, ಕೊಡುತ್ತೇನೆ.

ಇಂತಿ,
ಹಳೇ ರೇಡಿಯೋ ರಿಪೇರಿಯವ, ಈಗ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ