ಜೈಸಲ್ಮೇರ್‌ಗೆ ಕಾರಲ್ಲಿ ಹೊರಟವರು ಹುಲ್ಲುಗಾವಲನ್ನೂ ನೋಡಿ ಬನ್ನಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ರಜೆ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಕುಟುಂಬಗಳು ಕಾರು ಕಟ್ಟಿಕೊಂಡು ರಾಜಸ್ಥಾನಕ್ಕೆ ಹೊರಡುವುದು ಈಗ ಅಪರೂಪವಲ್ಲ. ಊರ ಮಗ್ಗುಲಲ್ಲೇ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ಪುಣೆ, ಸೂರತ್ ದಾಟಿಸಿ ಅಹಮದಾಬಾದಿಗೆ ಮುಟ್ಟಿಸುತ್ತದೆ. ಆದರೆ ಹೋದವರಲ್ಲಿ ಬಹುಪಾಲು ಜನ ಜೈಸಲ್ಮೇರ್ ಕೋಟೆ ಸುತ್ತಿ, ಸಮ್ ಮರಳುದಿಬ್ಬದ ಮೇಲೆ ಒಂಟೆ ಹತ್ತಿ, ಜೀಪಿನಲ್ಲಿ ಕುಲುಕಾಡಿ ಹಿಂದಿರುಗುತ್ತಾರೆ. ಆ ದಿಬ್ಬಗಳ ಪಕ್ಕದಲ್ಲೇ ಇರುವ ಮರುಭೂಮಿ ರಾಷ್ಟ್ರೀಯ ಉದ್ಯಾನ ಹಲವರ ಪಟ್ಟಿಯಲ್ಲೇ ಇರುವುದಿಲ್ಲ. ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ಜಾಗವನ್ನು ನಮ್ಮ ಬಯಲುಸೀಮೆಯವರು ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಹಾಗಾಗಿ ಈ ಪತ್ರ.

ಮೊದಲು ಕಾಲದ ಮಾತು. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಆಗ ಅಲ್ಲಿ ಬಿಸಿಲು 45 ಡಿಗ್ರಿ ಮೀರುತ್ತದೆ. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗುವ ಕಾಲವೇ ಅಲ್ಲ. ದಸರಾ ರಜೆಯಲ್ಲೂ ಮಧ್ಯಾಹ್ನ ಸುಡುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಹೋಗುವುದು ಸರಿ. ಮರುಭೂಮಿ ಎಂದು ತೆಳು ಬಟ್ಟೆ ತುಂಬಿಕೊಂಡು ಹೋಗುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಮರಳು ಹಗಲಿನ ಶಾಖವನ್ನು ರಾತ್ರಿ ಬೇಗ ಬಿಟ್ಟುಕೊಡುತ್ತದೆ, ಒಣ ಗಾಳಿ ಅದನ್ನು ಹಿಡಿದಿಡುವುದಿಲ್ಲ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಪಾದರಸ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಗುಡಾರದಲ್ಲಿ ತಂಗುವವರಿಗೆ ಉಣ್ಣೆ ಟೋಪಿ, ಕಾಲುಚೀಲ, ದಪ್ಪ ಸ್ವೆಟರ್ ಬೇಕೇ ಬೇಕು. ಅಲ್ಲಿ ಸೂರ್ಯ ಹುಟ್ಟುವುದೂ ತಡ. ಜನವರಿಯಲ್ಲಿ ಏಳೂಕಾಲು ದಾಟಿದ ಮೇಲೆಯೇ ಬೆಳಕು ಸರಿಯಾಗಿ ಬರುತ್ತದೆ. ನಮ್ಮೂರ ಲೆಕ್ಕದಲ್ಲಿ ಆರಕ್ಕೇ ಮಕ್ಕಳನ್ನು ಎಬ್ಬಿಸಿ ಚಳಿಯಲ್ಲಿ ಕೂರಿಸುವುದರಿಂದ ಏನೂ ಸಿಗುವುದಿಲ್ಲ.

ದಾವಣಗೆರೆಯಿಂದ ಪುಣೆ, ಅಹಮದಾಬಾದ್, ಸಾಂಚೋರ್, ಬಾಡಮೇರ್ ಮೇಲೆ ಜೈಸಲ್ಮೇರ್ ಸುಮಾರು 1,800 ಕಿಲೋಮೀಟರ್. ಚಿತ್ರದುರ್ಗದವರು ಇನ್ನೊಂದು 60 ಸೇರಿಸಿಕೊಳ್ಳಲಿ. ಮಕ್ಕಳಿದ್ದರೆ ದಿನಕ್ಕೆ 450ರಿಂದ 500 ಕಿಲೋಮೀಟರ್ ಸಾಕು, ಅಂದರೆ ಹೋಗಲಿಕ್ಕೇ ನಾಲ್ಕು ದಿನ. ಮೊದಲ ರಾತ್ರಿ ಸಾತಾರದಲ್ಲಿ ಉಳಿದರೆ ಪುಣೆಯನ್ನು ಬೆಳಗಿನ ಜಾವ ದಾಟಬಹುದು. ಬಾಡಮೇರ್ ಆಚೆಗೆ ಕತ್ತಲಾದ ಮೇಲೆ ಕಾರು ಓಡಿಸಲೇಬಾರದು. ಒಂಟೆಯ ಕಾಲು ಉದ್ದ, ಹೆಡ್‌ಲೈಟಿನ ಬೆಳಕಿಗೆ ಮೊದಲು ಸಿಗುವುದು ಕಾಲಷ್ಟೇ. ಗುದ್ದಿದರೆ ಮೇಲಿನ ಭಾರವೆಲ್ಲ ನೇರವಾಗಿ ಗಾಜಿನ ಮೇಲೆ ಬೀಳುತ್ತದೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಇದ್ದರೆ ನಾಲ್ಕು ದಿನಕ್ಕೂ ಕೆಡುವುದಿಲ್ಲ.

ಇನ್ನು ಗಾಡಿ. ಹೊರಡುವ ಮುಂಚೆ ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳ ಉಳಿದಿದ್ದರೂ ಆರು ವರ್ಷ ದಾಟಿದ ಟೈರನ್ನು ಇಷ್ಟು ದೂರಕ್ಕೆ ನಂಬಬಾರದು, ರಬ್ಬರ್ ಒಳಗೇ ಬಿರಿದಿರುತ್ತದೆ. ಮನೆಮಂದಿ, ಲಗೇಜು ಎಲ್ಲ ತುಂಬಿದಾಗ ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕರಿನಲ್ಲಿರುತ್ತದೆ. ಬೆಳಗ್ಗೆ ಟೈರು ತಣ್ಣಗಿರುವಾಗ ಅಷ್ಟು ತುಂಬಿಸಿ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಸಿಯಾಗುತ್ತದೆ, ಹೆದ್ದಾರಿಯಲ್ಲಿ ಸಿಡಿಯುವುದು ಹೆಚ್ಚಾಗಿ ಇದರಿಂದಲೇ. ಕೂಲಂಟ್ ಇಳಿದಿದ್ದರೆ ನಲ್ಲಿ ನೀರು ಸುರಿಯಬೇಡಿ, ಅದೇ ಬಗೆಯದನ್ನು ಹಾಕಿಸಿ. ಏರ್ ಫಿಲ್ಟರ್ ಒಂದು ಹೆಚ್ಚಿಗೆ ಇರಲಿ. ಪುಡಿ ಮರಳು ಕೂತರೆ ಎಂಜಿನ್ ಉಸಿರು ಕಟ್ಟಿ ಪಿಕಪ್ ಬೀಳುತ್ತದೆ, ಡೀಸೆಲ್ ಕುಡಿಯುತ್ತದೆ. ಪಂಕ್ಚರ್ ಕಿಟ್, 12 ವೋಲ್ಟಿನ ಗಾಳಿ ಪಂಪು, ಎಳೆಯುವ ಹಗ್ಗ, ಸಣ್ಣ ಸಲಿಕೆ, ನಾಲ್ಕು ಗೋಣಿಚೀಲ ಇಟ್ಟುಕೊಳ್ಳಿ. ಜಾಲಿಮುಳ್ಳು ಚುಚ್ಚಿದ್ದು ಕಂಡರೆ ಅಲ್ಲೇ ಕೀಳಬೇಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳೇ ತೂತನ್ನು ಮುಚ್ಚಿಕೊಂಡಿರುತ್ತದೆ, ನಿಧಾನಕ್ಕೆ ಪಂಕ್ಚರ್ ಅಂಗಡಿ ತಲುಪಬಹುದು.

ಜೈಸಲ್ಮೇರ್‌ನಿಂದ ಆಚೆಗಿನ ಒಳರಸ್ತೆಗಳು ಒಂದೇ ಗಾಡಿಯ ಅಗಲದ ಡಾಂಬರು, ಅಂಚಿನಲ್ಲಿ ಸಡಿಲ ಮರಳು. ಎದುರು ಬಸ್ಸು ಬಂದಾಗ ವೇಗದಲ್ಲೇ ಎಡಗಡೆಯ ಚಕ್ರಗಳನ್ನು ಕೆಳಗಿಳಿಸಿದರೆ ಆ ಪಕ್ಕ ಹೂತು ಕಾರು ತಾನಾಗಿಯೇ ಹಳ್ಳಕ್ಕೆ ಎಳೆದುಕೊಳ್ಳುತ್ತದೆ. ಮೊದಲು ವೇಗ ಪೂರ್ತಿ ಇಳಿಸಿ, ಆಮೇಲೆ ಇಳಿಯಿರಿ. ಹೂತೇಹೋದರೆ ಚಕ್ರ ಒಮ್ಮೆ ಸುಮ್ಮನೆ ತಿರುಗಿದ ಕೂಡಲೇ ಆಕ್ಸಿಲರೇಟರ್ ಬಿಡಬೇಕು, ಒತ್ತಿದಷ್ಟೂ ಅದು ಗುಂಡಿ ತೋಡಿಕೊಳ್ಳುತ್ತದೆ. ಎಲ್ಲರೂ ಇಳಿಯಿರಿ, ಭಾರ ಇಳಿದರೆ ಅರ್ಧ ಕೆಲಸ ಆದಂತೆ. ನಮ್ಮಲ್ಲಿನ ಹೆಚ್ಚಿನ ಕಾರುಗಳಿಗೆ ಎಳೆತ ಮುಂದಿನ ಚಕ್ರದ್ದು. ಅವುಗಳ ಹಿಂದೆ-ಮುಂದೆ, ಹೊಟ್ಟೆಯ ಕೆಳಗೆ ಮರಳು ತೆಗೆದು, ನಾಲ್ಕೂ ಟೈರಿನ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ, ಗೋಣಿಚೀಲ ಹಾಸಿ. ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯುವುದು ಮುಂದಕ್ಕೆ ಹೋಗುವುದಕ್ಕಿಂತ ಸುಲಭ, ಏಕೆಂದರೆ ಅಲ್ಲಿ ಮರಳು ಆಗಲೇ ಒತ್ತಿಕೊಂಡಿದೆ. ಸ್ಟೀರಿಂಗ್ ನೇರ ಇರಲಿ. ಚಕ್ರದ ಎದುರಿಗೂ ಹಿಂದಕ್ಕೂ ಯಾರೂ ನಿಲ್ಲಬಾರದು, ಗೋಣಿಚೀಲ ಚಿಮ್ಮಿ ಬರುತ್ತದೆ. ಹೊರಬಂದ ಮೇಲೆ ಗಾಳಿ ಮತ್ತೆ ತುಂಬಿಸುವವರೆಗೆ ತೆವಳಿಕೊಂಡೇ ಹೋಗಿ. ಹಗ್ಗವನ್ನು ಬಂಪರಿಗೆ ಕಟ್ಟಬೇಡಿ. ಟೂಲ್ ಕಿಟ್ಟಿನಲ್ಲಿರುವ ಕೊಂಡಿಯನ್ನು ತಿರುಗಿಸಿ ಕೂರಿಸಿ ಅದಕ್ಕೇ ಕಟ್ಟಬೇಕು.

ಉದ್ಯಾನದೊಳಗೆ ಹೋಗಲು ಜೈಸಲ್ಮೇರ್‌ನಲ್ಲಿರುವ ಉದ್ಯಾನದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಯ ಅನುಮತಿ ಬೇಕು. ಗುರುತಿನ ಚೀಟಿಯೊಂದಿಗೆ ಹಿಂದಿನ ದಿನವೇ ಹೋಗಿ ಶುಲ್ಕ, ಸಮಯ, ಯಾವ ಭಾಗ ತೆರೆದಿದೆ ಎಂದು ಕೇಳಿಕೊಳ್ಳಿ. ಸಮ್ ಊರಿನಿಂದ ಮುಂದೆ ಸಿಗುವ ಸುದಾಸರಿಯ ಬೇಲಿ ಹಾಕಿದ ಹುಲ್ಲುಗಾವಲೇ ನೋಡಬೇಕಾದ ಜಾಗ. ಡೀಸೆಲ್, ಪೆಟ್ರೋಲ್ ಜೈಸಲ್ಮೇರ್‌ನಲ್ಲೇ ತುಂಬಿಸಿ. ತಲೆಗೆ ಐದು ಲೀಟರಿನಂತೆ ನೀರು, ನಗದು ಹಣ ಜೊತೆಗಿರಲಿ, ನೆಟ್‌ವರ್ಕ್ ಎಲ್ಲ ಕಡೆ ಸಿಗುವುದಿಲ್ಲ. ಒಣ ಹವೆಗೆ ಮಕ್ಕಳ ಮೂಗಿನಲ್ಲಿ ರಕ್ತ ಬರುವುದುಂಟು, ಮೂಗಿನ ಅಂಚಿಗೆ ವ್ಯಾಸಲೀನ್ ಸವರಿದರೆ ತಪ್ಪುತ್ತದೆ. ಪಾಕಿಸ್ತಾನದ ಗಡಿ ಹತ್ತಿರ, ಡ್ರೋನ್ ಮನೆಯಲ್ಲೇ ಬಿಟ್ಟು ಹೋಗಿ.

ಅಲ್ಲಿ ಕಾಣುವುದೇನು? ಸೊಂಟದೆತ್ತರಕ್ಕೆ ಗಡ್ಡೆಗಡ್ಡೆಯಾಗಿ ಬೆಳೆಯುವ ಸೇವಣ್ ಹುಲ್ಲು, ಮರಳನ್ನು ಹಿಡಿದು ನಿಲ್ಲಿಸಿರುವುದೇ ಅದರ ಬೇರು. ನಡುನಡುವೆ ಖೇಜ್ರಿ ಮರ. ಇದು ನಾವು ವಿಜಯದಶಮಿಗೆ ಪೂಜಿಸುವ ಬನ್ನಿಯೇ. ಈ ಮರ ಉಳಿಸಲೆಂದು 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅಮೃತಾ ದೇವಿ ಸೇರಿ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟರು. ಚಿಂಕಾರವೆಂಬ ಸಣ್ಣ ಹುಲ್ಲೆ, ಮರುಭೂಮಿ ನರಿ, ರಣಹದ್ದು ತಾಳ್ಮೆಯಿದ್ದರೆ ಸಿಗುತ್ತವೆ. ಅದೃಷ್ಟವಿದ್ದರೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಂಡೀತು. ಅಲ್ಲಿಯವರು ಗೋಡಾವಣ ಎನ್ನುವ, ರಾಜಸ್ಥಾನದ ರಾಜ್ಯಪಕ್ಷಿಯಾದ ಈ ಹಕ್ಕಿ ಒಂದು ಮೀಟರ್ ಎತ್ತರ, ಗಂಡು ಹದಿನೈದು ಕಿಲೋ ತನಕ ತೂಗುತ್ತದೆ. ಕಾಡಿನಲ್ಲಿ ಈಗ ಉಳಿದಿರುವುದು 150ರ ಆಸುಪಾಸು, ಅದರಲ್ಲಿ ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲೇ. ಸಾಮಾನ್ಯವಾಗಿ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ನೇರ ಮುಂದಿನ ವಿದ್ಯುತ್ ತಂತಿ ಕಾಣುವುದಿಲ್ಲ, ಕಂಡಾಗ ಆ ಭಾರದ ದೇಹ ತಿರುಗುವಷ್ಟು ಹೊತ್ತಿರುವುದಿಲ್ಲ. ಸೋಲಾರ್, ಗಾಳಿ ವಿದ್ಯುತ್ತಿನ ತಂತಿಗಳ ವಿಚಾರ ಸುಪ್ರೀಂ ಕೋರ್ಟಿನ ತನಕ ಹೋದದ್ದು ಇದಕ್ಕೇ. ಸಮ್‌ನಲ್ಲಿ ಸಂತಾನೋತ್ಪತ್ತಿ ಕೇಂದ್ರ 2019ರಲ್ಲಿ ಶುರುವಾಯಿತು, 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು.

ಹಾಗಾಗಿ ಗಾಡಿಯಿಂದ ಇಳಿಯಬೇಡಿ. ಮೇಯುತ್ತಿದ್ದ ಹಕ್ಕಿ ಕತ್ತು ನೆಟ್ಟಗೆ ಮಾಡಿ ನಡೆಯತೊಡಗಿತೆಂದರೆ ನೀವು ಹತ್ತಿರವಾಯಿತು ಎಂದೇ ಅರ್ಥ, ಅಲ್ಲೇ ನಿಲ್ಲಿ. ಬುತ್ತಿಯ ಉಳಿಕೆ ಎಸೆಯಬೇಡಿ. ಅನ್ನದ ವಾಸನೆಗೆ ಬೀದಿನಾಯಿ ಬರುತ್ತದೆ, ಅದೇ ನಾಯಿ ಮೊಟ್ಟೆ, ಮರಿ, ಚಿಂಕಾರ ಯಾವುದನ್ನೂ ಬಿಡುವುದಿಲ್ಲ. ದಿಬ್ಬದ ಜೀಪ್ ಸವಾರಿಯನ್ನು ದಯವಿಟ್ಟು ಬಿಟ್ಟುಬಿಡಿ. ಮುಳ್ಳುಬಾಲದ ಸಾಂಡಾ ಹಲ್ಲಿ ಚಳಿಗಾಲದಲ್ಲಿ ಬಿಲದ ಬಾಯಿಗೆ ಒಳಗಿನಿಂದ ಮಣ್ಣು ಮುಚ್ಚಿಕೊಂಡು ಮಲಗಿರುತ್ತದೆ. ಮೇಲಿನಿಂದ ನೋಡಿದರೆ ಸುಮ್ಮನೆ ಒಂದು ತಗ್ಗು, ಜೀಪಿನವನಿಗೆ ಅಷ್ಟೂ ಕಾಣಿಸುವುದಿಲ್ಲ.

ಈ ಹಕ್ಕಿ ನಮಗೆ ಹೊರಗಿನದೇನಲ್ಲ. 1974ರಲ್ಲಿ ಕೃಷ್ಣಮೃಗಕ್ಕಾಗಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದಲ್ಲಿ ಎರೆಭೂತವೂ ಇತ್ತು. ಈಗ ರಾಜ್ಯದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಕಂಡರೆ ಹೆಚ್ಚು. ಚಿಂಕಾರಕ್ಕೆಂದೇ 2019ರಲ್ಲಿ ಘೋಷಿಸಿದ ಬುಕ್ಕಾಪಟ್ಟಣ ಅಭಯಾರಣ್ಯ ಹಿರಿಯೂರಿಗೆ ಹತ್ತಿರದಲ್ಲೇ ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ (ದನ ಮೇಯಿಸಲು ಕಾದಿಟ್ಟ ಹುಲ್ಲುಗಾವಲು) ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಹುಲ್ಲುಗಾವಲೆಂದರೆ ಪಾಳುಭೂಮಿ ಎಂಬ ಭಾವನೆ ಕಡತದಲ್ಲೂ ಇದೆ, ನಮ್ಮ ಮನಸ್ಸಿನಲ್ಲೂ ಇದೆ. ಸುದಾಸರಿಯಲ್ಲಿ ಒಂದು ಬೆಳಗು ಕೂತು ಬಂದ ಮಗು ಚಳ್ಳಕೆರೆ ಕಾವಲನ್ನು ಬಂಜರು ಎನ್ನಲಾರದು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಅರಣ್ಯ ಇಲಾಖೆಯವರು ಉಳಿದಿರುವ ಕಾವಲುಗಳ ಬಳಿ ಕನ್ನಡದಲ್ಲಿ ಫಲಕ ಹಾಕಲಿ, ಅಲ್ಲಿರುವ ಹುಲ್ಲು, ಹಕ್ಕಿ, ಪ್ರಾಣಿಗಳ ಹೆಸರು ಬರೆಯಲಿ. ಶಾಲೆಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಲಿ. ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲೂ ಮರಳುದಿಬ್ಬದ ಚಿತ್ರದ ಜೊತೆಗೆ ಈ ಹುಲ್ಲಿನ ಒಂದು ಚಿತ್ರಕ್ಕೆ ಜಾಗ ಸಿಗಲಿ.

ಅಷ್ಟು ದೂರ ಕಾರು ಓಡಿಸಲು ಆಗದವರಿಗೆ ಹುಬ್ಬಳ್ಳಿ ಮಾರ್ಗದ ಜೋಧಪುರ ರೈಲು ಇದೆ. ಜೋಧಪುರದಿಂದ ಜೈಸಲ್ಮೇರ್ ಸುಮಾರು 285 ಕಿಲೋಮೀಟರ್, ಅಲ್ಲಿಂದ ಬಾಡಿಗೆ ಕಾರು ಸಿಗುತ್ತದೆ. ದಾರಿಯಲ್ಲಿ ಫಲೋದಿ ಪಕ್ಕದ ಖೀಚನ್‌ನಲ್ಲಿ ಒಂದು ಬೆಳಗ್ಗೆ ನಿಂತರೆ, ಚಳಿಗಾಲಕ್ಕೆ ವಲಸೆ ಬರುವ ಸಾವಿರಾರು ಕರ್ಕರ ಕೊಕ್ಕರೆಗಳಿಗೆ ಊರಿನವರು ಕಾಳು ಹಾಕುವುದನ್ನೂ ನೋಡಬಹುದು.

— ಓದುಗರು, ದಾವಣಗೆರೆ