ರಸೆಲ್ ಚಿತ್ರಗಳ ‘ಆರ್ಕೈವಲ್’ ಪ್ರತಿ: ಯಾವುದರ ಪ್ರತಿ?

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕೌಬಾಯ್ ಕಲಾವಿದ ಚಾರ್ಲ್ಸ್ ಎಂ. ರಸೆಲ್ ಅವರ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 1864ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿ, ಹದಿನಾರರ ಹರೆಯದಲ್ಲಿ ಮೊಂಟಾನಾಕ್ಕೆ ಹೋಗಿ, ರಾತ್ರಿ ಪಾಳಿಯಲ್ಲಿ ದನ ಕಾಯುತ್ತ ಹಗಲಿನಲ್ಲಿ ಚಿತ್ರ ಬರೆದ ಅವರ ಬದುಕನ್ನು ಲೇಖಕರು ಚೆನ್ನಾಗಿ ಕಟ್ಟಿಕೊಟ್ಟಿದ್ದಾರೆ. ಆದರೆ ಮೂಲಚಿತ್ರಗಳನ್ನು ನೋಡಲು ಅಷ್ಟು ದೂರ ಹೋಗಲಾರದವರು ಅವುಗಳ ‘ಆರ್ಕೈವಲ್’ (ಬಹುಕಾಲ ಬಾಳುವಂತೆ ಮುದ್ರಿಸಿದ) ಪ್ರತಿಗಳನ್ನು ತರಿಸಿಕೊಂಡರೆ ಸಾಕು, ಅವು ಮೂಲಕ್ಕೆ ಸಮ ಎಂದು ಕೊನೆಯಲ್ಲಿ ಬರೆದಿರುವ ಮಾತನ್ನು ಒಪ್ಪುವುದು ಕಷ್ಟ. ಮುದ್ರಣಾಲಯದಲ್ಲಿ ಬಹುಕಾಲ ದುಡಿದವನಾದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

‘ಆರ್ಕೈವಲ್’ ಎಂಬ ಮಾತು ಕಾಗದ ಮತ್ತು ಶಾಯಿಗೆ ಸಂಬಂಧಿಸಿದ್ದು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿಯುವ ಲಿಗ್ನಿನ್ ಎಂಬ ಮರದ ಅಂಶ ಮತ್ತು ಆಮ್ಲದಿಂದ ಹಾಳೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ. ಅದರ ಬದಲು ಹತ್ತಿಯ ನಾರಿನ, ಆಮ್ಲರಹಿತವಾದ, ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ಕಾಗದವನ್ನೂ, ಬೇಗ ಮಾಸುವ ಡೈ ಶಾಯಿಯ ಬದಲು ವರ್ಣದ್ರವ್ಯದ ಸೂಕ್ಷ್ಮ ಕಣಗಳಿರುವ ಪಿಗ್ಮೆಂಟ್ ಶಾಯಿಯನ್ನೂ ಬಳಸಿದರೆ ಆ ಪ್ರತಿಗೆ ಈ ಹೆಸರು ಸಲ್ಲುತ್ತದೆ. 1991ರಲ್ಲಿ ಜಾಕ್ ಡುಗಾನ್ ಎಂಬವರು ಇಂತಹ ಇಂಕ್‌ಜೆಟ್ ಮುದ್ರಣಕ್ಕೆ ಚಿಮ್ಮಿಸುವುದು ಎಂಬರ್ಥದ ಫ್ರೆಂಚ್ ಪದದಿಂದ ‘ಜಿಕ್ಲೇ’ ಎಂಬ ಹೆಸರನ್ನು ಹುಟ್ಟಿಸಿದ ಮೇಲೆ ಪ್ರಿಂಟರಿನ ಕೆಲಸಕ್ಕೆ ಗ್ಯಾಲರಿಯ ಗತ್ತು ಬಂತು. ಇಂತಿಷ್ಟು ವರ್ಷ ಬಾಳುತ್ತದೆಂಬ ಭರವಸೆಯೂ ಪ್ರಯೋಗಾಲಯದ ಲೆಕ್ಕ. ಈ ಕ್ಷೇತ್ರದಲ್ಲಿ ಹೆಸರಾದ ವಿಲ್ಹೆಲ್ಮ್ ಇಮೇಜಿಂಗ್ ರಿಸರ್ಚ್ ಸಂಸ್ಥೆ ದಿನಕ್ಕೆ 12 ಗಂಟೆ, 450 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕು ಬೀಳುತ್ತದೆ ಎಂದಿಟ್ಟುಕೊಂಡು ಆ ಲೆಕ್ಕ ಹಾಕುತ್ತದೆ. ಬಿಸಿಲು ನೇರವಾಗಿ ಬೀಳುವ ಕಿಟಕಿಯೆದುರು ತೂಗುಹಾಕಿದ ಪ್ರತಿಗೆ ಅದು ಅನ್ವಯಿಸುವುದಿಲ್ಲ.

ಈ ಎಲ್ಲ ಗುಣಗಳಿದ್ದೂ ಪ್ರತಿಯು ಚಿತ್ರಕ್ಕೆ ನಿಷ್ಠವಾಗಿರಬೇಕೆಂದಿಲ್ಲ. ನಾನು ಒಬ್ಬ ಮಾರಾಟಗಾರರಿಂದ ರಸೆಲ್ ಅವರು 1925ರಲ್ಲಿ ಬರೆದ ‘ಲಾಫ್ ಕಿಲ್ಸ್ ಲೋನ್‌ಸಮ್’ ತೈಲಚಿತ್ರದ ಆರ್ಕೈವಲ್ ಪ್ರತಿಯೊಂದನ್ನು ತರಿಸಿಕೊಂಡಿದ್ದೆ. ರಾತ್ರಿಯ ಬಯಲಿನಲ್ಲಿ ಬೆಂಕಿಯ ಸುತ್ತ ಕೌಬಾಯ್‌ಗಳು ಕುಳಿತಿದ್ದಾರೆ. ಬೆಳಕಿನ ಅಂಚಿನಲ್ಲಿ ನಿಂತವರು ಸ್ವತಃ ರಸೆಲ್. ಕಾಗದ ದಪ್ಪನಾಗಿ, ಮುಟ್ಟಿದರೆ ಬಟ್ಟೆಯಂತೆ ಇತ್ತು. ಹಳೆಯ ಚಾಳಿಯಂತೆ ಭೂತಗನ್ನಡಿ ಹಿಡಿದು ನೋಡಿದೆ. ಇಂಕ್‌ಜೆಟ್ಟಿನಲ್ಲಿ ಶಾಯಿ ಧೂಳು ಎರಚಿದಂತೆ ಕಾಣಬೇಕು. ಇಲ್ಲಿ ಆ ಧೂಳಿನ ಅಡಿಯಲ್ಲಿ, ಕಡುನೀಲಿ ಆಕಾಶದುದ್ದಕ್ಕೂ, ಆಫ್‌ಸೆಟ್ ಮುದ್ರಣದ ಚುಕ್ಕೆಗಳು ಹೂವಿನ ಎಸಳುಗಳಂತೆ ಸಾಲಾಗಿ ಕುಳಿತಿದ್ದವು. ಅಂದರೆ ಯಾರೋ ಹಳೆಯ ಕ್ಯಾಲೆಂಡರನ್ನೋ ಪುಸ್ತಕದ ಪುಟವನ್ನೋ ಸ್ಕ್ಯಾನ್ ಮಾಡಿ, ಅದನ್ನೇ ಉತ್ತಮ ಕಾಗದದ ಮೇಲೆ ಉತ್ತಮ ಶಾಯಿಯಲ್ಲಿ ಮುದ್ರಿಸಿದ್ದಾರೆ. ಆಫ್‌ಸೆಟ್ ಶಾಯಿಗಳಲ್ಲಿ ಹಳದಿ ಮತ್ತು ಮಜೆಂಟಾ (ನೇರಳೆಗೆಂಪು) ಮೊದಲು ಮಾಸುತ್ತವೆ, ನೀಲಿ ಉಳಿಯುತ್ತದೆ. ಹಾಗಾಗಿ ನನ್ನ ಪ್ರತಿಯಲ್ಲಿ ಬೆಂಕಿಯ ಕಾವೇ ಇಲ್ಲ, ಕೌಬಾಯ್‌ಗಳ ಮುಖಗಳೆಲ್ಲ ಚಳಿ ಹಿಡಿದಂತೆ ಕಾಣುತ್ತವೆ. ಮಾಸಿದ ಬಣ್ಣ ಮಾತ್ರ ಇನ್ನು ಮಾಸದು!

ಮಿನ್ನೆಸೋಟಾದ ಸೇಂಟ್ ಪಾಲ್‌ನ ಬ್ರೌನ್ ಅಂಡ್ ಬಿಗೆಲೊ ಕಂಪನಿಯ ಕ್ಯಾಲೆಂಡರುಗಳ ಮೂಲಕ ರಸೆಲ್ ಚಿತ್ರಗಳು ಮನೆಮನೆಗೆ ಹೋದವು. ಆ ಹಾಳೆಗಳಿಗೆ ಅವುಗಳದೇ ಚರಿತ್ರೆಯಿದೆ, ಅವನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಕ್ಯಾಲೆಂಡರಿನ ಪ್ರತಿಯನ್ನು ಚಿತ್ರದ ಪ್ರತಿಯೆಂದು ಮಾರುವುದು ಬೇರೆ ಮಾತು.

ಗಾತ್ರದ ಪ್ರಶ್ನೆಯೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಗಂಭೀರವಾದದ್ದು. 1886–87ರ ಭೀಕರ ಚಳಿಗಾಲದಲ್ಲಿ ಮೊಂಟಾನಾದ ಬಯಲಿನಲ್ಲಿ ದನಗಳು ಲೆಕ್ಕವಿಲ್ಲದಷ್ಟು ಸತ್ತವು. ಹಿಂಡಿನ ಗತಿಯೇನೆಂದು ಮೊಂಟಾನಾದ ಹೆಲೆನಾ ಪಟ್ಟಣದಲ್ಲಿದ್ದ ಮಾಲೀಕ ಲೂಯಿಸ್ ಕಾಫ್‌ಮನ್ ಕೇಳಿದ್ದಕ್ಕೆ, ರಸೆಲ್ ರಟ್ಟಿನ ತುಂಡೊಂದರ ಮೇಲೆ ಹಿಮದಲ್ಲಿ ಎಲುಬುಗೂಡಾಗಿ ನಿಂತ ಒಂದೇ ಒಂದು ದನವನ್ನೂ, ಅದು ಬೀಳುವುದನ್ನೇ ಕಾಯುತ್ತಿರುವ ತೋಳಗಳನ್ನೂ ಜಲವರ್ಣದಲ್ಲಿ ಬರೆದು ಕಳುಹಿಸಿದರು. ಹಿಮ ಕರಗಿಸುವ ಬೆಚ್ಚನೆಯ ಚಿನೂಕ್ ಗಾಳಿಗಾಗಿ ಕಾಯುತ್ತಿರುವ ದನ ಅದು. ಅವರಿಗೆ ಹೆಸರು ತಂದುಕೊಟ್ಟ ಆ ಚಿತ್ರ ಹೆಚ್ಚುಕಡಿಮೆ ಅಂಚೆ ಕಾರ್ಡಿನಷ್ಟಿದೆ. ಪತ್ರದ ಬದಲಿಗೆ ಹೋದ ಉತ್ತರವಾದ್ದರಿಂದಲೇ ಅದು ಅಷ್ಟು ಚಿಕ್ಕದು, ಅಂಗೈಯಲ್ಲಿಟ್ಟು ನೋಡುವಂಥದ್ದು. ಮುಂದೆ ರಸೆಲ್ ಅದೇ ವಿಷಯವನ್ನು ದೊಡ್ಡದಾಗಿ ಮತ್ತೆ ಬರೆದರು. ಗೋಡೆ ತುಂಬುವ ಪ್ರತಿಯನ್ನು ಮಾರುವವರು ಅದು ಎರಡರಲ್ಲಿ ಯಾವುದರದ್ದೆಂದು ಹೇಳದಿದ್ದರೆ, ಕೊಳ್ಳುವವರಿಗೆ ಎರಡರ ಪರಿಚಯವೂ ಆಗುವುದಿಲ್ಲ. ಇದರ ಇನ್ನೊಂದು ತುದಿಯಲ್ಲಿ, ಹೆಲೆನಾದ ಶಾಸನಭವನದಲ್ಲಿರುವ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ಕುರಿತ 1912ರ ಚಿತ್ರ 25 ಅಡಿ ಅಗಲ, 12 ಅಡಿ ಎತ್ತರವಿದೆ. ಅದು ಎರಡಡಿಯ ಚೌಕಟ್ಟಿಗೆ ಇಳಿದಾಗ ಮುಂದೆ ಧಾವಿಸುವ ಕುದುರೆಗಳು ಇರುವೆ ಸಾಲಾಗುತ್ತವೆ.

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. 1926ರಲ್ಲಿ ತೀರಿಕೊಂಡ ರಸೆಲ್ ಅವರ ಜೀವಿತಕಾಲದಲ್ಲಿ ಪ್ರಕಟವಾದ ಚಿತ್ರಗಳು ಅಮೆರಿಕದಲ್ಲಿ ಈಗ ಹಕ್ಕುಸ್ವಾಮ್ಯದ ಹೊರಗಿವೆ. ಹಕ್ಕುಸ್ವಾಮ್ಯ ಮುಗಿದ ಚಿತ್ರವೊಂದರ ಯಥಾವತ್ ಛಾಯಾಚಿತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲವೆಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು 1999ರಲ್ಲಿ ಹೇಳಿದೆ. ಯಾರು ಬೇಕಾದರೂ ಮುದ್ರಿಸಬಹುದಾದ್ದರಿಂದಲೇ ಮುದ್ರಿಸಿದ್ದು ಯಾವುದನ್ನು ಎಂದು ಕೇಳಬೇಕಾದ ಹೊಣೆ ಕೊಳ್ಳುವವರ ಮೇಲೆ ಬೀಳುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇಂತಹ ಪ್ರತಿಗಳ ಬಗ್ಗೆ ಮುಂದೆ ಬರೆಯುವಾಗ, ಸ್ಕ್ಯಾನ್ ಮಾಡಿದ್ದು ಮೂಲಚಿತ್ರವನ್ನೋ ಮುದ್ರಿತ ಹಾಳೆಯನ್ನೋ, ಮೂಲ ಯಾವ ಸಂಗ್ರಹಾಲಯದಲ್ಲಿದೆ, ಅದರ ನಿಜವಾದ ಅಳತೆಯೆಷ್ಟು ಎಂಬುದನ್ನು ಪ್ರತಿಯ ಹಿಂಬದಿಯಲ್ಲಿ ನಮೂದಿಸಿದ್ದಾರೆಯೇ ಎಂದು ನೋಡಿಕೊಳ್ಳುವಂತೆ ಓದುಗರಿಗೆ ತಿಳಿಸಬೇಕು. ಕಾಗದ, ಶಾಯಿಗಳ ವಿವರವನ್ನು ಮಾರುವವರು ಹೇಗೂ ಕೇಳದೆಯೇ ಹೇಳುತ್ತಾರೆ. ನನ್ನ ಪ್ರತಿಯ ಹಿಂಬದಿ ಖಾಲಿ ಬಂದಿತ್ತು. ಅದರ ಮೇಲೆ ‘ಮುದ್ರಿತ ಹಾಳೆಯಿಂದ ತೆಗೆದದ್ದು’ ಎಂದು ನಾನೇ ಪೆನ್ಸಿಲಿನಲ್ಲಿ ಬರೆದು ಚೌಕಟ್ಟು ಹಾಕಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುದ್ರಣ ಕೆಲಸಗಾರ